ಎಡವದ ಪುಟಗಳು

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಆಕೆ ಪುಸ್ತಕಗಳನ್ನು ತೂಗುತ್ತಿದ್ದುದು ಹೀಗೆ: ಗಟ್ಟಿಯಾಗಿ ಓದುವುದು, ನಾಲಿಗೆ ಎಡವಿದಲ್ಲಿ ಪೆನ್ಸಿಲ್ ಗೆರೆ ಎಳೆಯುವುದು. ಗೆರೆ ಕಡಿಮೆಯಾದಷ್ಟೂ ಬರವಣಿಗೆ ಒಳ್ಳೆಯದು. ಉಳಿದಿಬ್ಬರು ತೀರ್ಪುಗಾರರು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಡಿದ್ದರಿಂದ, ಸೆರೆಶಿಬಿರಗಳ ಇತಿಹಾಸ ಹೇಳುವ, ಈಗ ಅವಳ ಕೈಯಲ್ಲಿದ್ದ ಪುಸ್ತಕಕ್ಕೆ ಗದ್ಯದ ಬಹುಮಾನ ಸಲ್ಲಬೇಕೋ ಬೇಡವೋ ಎಂಬುದು ಅವಳ ಮಾತಿನ ಮೇಲೆ ನಿಂತಿತ್ತು.

ಅಡುಗೆಮನೆಯ ಮೇಜಿನಾಚೆ ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಅವರ ಅಣ್ಣ ಯುದ್ಧದಲ್ಲಿ ಸೆರೆಸಿಕ್ಕಿ ಅಂಥದೇ ಶಿಬಿರಕ್ಕೆ ಹೋದವರು ತಿರುಗಿ ಬಂದಿರಲಿಲ್ಲ.

"ನಿಮ್ಮೆದುರು ಬೇಡ ಅತ್ತೆ, ರೂಮಲ್ಲಿ ಓದ್ಕೋತೀನಿ."

"ಯಾಕೆ, ನನ್ನ ಕಿವಿಗೇನು ಬಾಡಿಗೆ ಕೊಡ್ಬೇಕಾ? ಓದೇ."

ಓದಿದಳು. ಹಸಿವಿನ ಅಧ್ಯಾಯ ನೀರು ಕುಡಿದಷ್ಟು ಸಲೀಸು. ಚಳಿಯ ಅಧ್ಯಾಯದಲ್ಲಿ ಹಿಮವು ಸತ್ತವರಿಗೆ ಒಬ್ಬೊಬ್ಬರಾಗಿ ಹೊದಿಕೆ ಹೊದಿಸುತ್ತ ಹೋಯಿತು. ಪೆನ್ಸಿಲ್ ಬೆರಳ ಸಂದಿಯಲ್ಲೇ ಉಳಿಯಿತು.

"ಅದನ್ನ ಇನ್ನೊಂದ್ಸಲ ಓದಮ್ಮ. ಹಿತವಾಗಿದೆ" ಎಂದರು ಅತ್ತೆ.

ಹಿತ! ಅವಳು ಅದನ್ನು ಮತ್ತೆ ಓದದೆ ಪುಟ ತಿರುವಿದಳು.

ಕೊನೆಗೆ, ಬದುಕಿ ಬಂದ ಬಡಗಿಯೊಬ್ಬನ ಹೇಳಿಕೆಯನ್ನು ಲೇಖಕ ತಿದ್ದದೆ ಇಟ್ಟಿದ್ದ. 'ಪೆಟ್ಟಿಗೆಗೆ ಹಲಗೆ ತಂದ್ವಿ. ಹಲಗೆ ಸಾಲ್ಲಿಲ್ಲ. ಅವ್ನು ಸತ್ತಿದ್ದ. ಅಲ್ಲ, ಇನ್ನೂ ಸತ್ತಿರ್ಲಿಲ್ಲ. ಹಲಗೆ ತಂದ್ವಿ.' ಸಾಲು ಸಾಲಿಗೂ ನಾಲಿಗೆ ಎಡವಿತು, ಪುಟವೆಲ್ಲ ಗೆರೆ. ತಲೆ ಎತ್ತಿದರೆ ಎದುರಿನ ಕುರ್ಚಿ ಖಾಲಿ. ಹಿಂಬಾಗಿಲು ತೆರೆದಿತ್ತು.

ಅಷ್ಟರಲ್ಲಿ ಬಹುಮಾನದ ಸಂಚಾಲಕರ ಫೋನು.

"ಮೇಡಂ, ಸತ್ಯ ಸುಳ್ಳು ಎಲ್ಲ ಇತಿಹಾಸದವರು ನೋಡಿದಾರೆ. ನೀವು ಬರವಣಿಗೆ ಹೇಗಿದೆ ಹೇಳಿದ್ರೆ ಸಾಕು. ಹೂಂ ಅನ್ನಿ, ಮುಗಿಸ್ಬಿಡೋಣ."

"ಬರವಣಿಗೆಯೇ ಸರಿಯಿಲ್ಲ ಸಾರ್."

"ಎಲ್ಲಿ?"

"ಒಬ್ಬ ಬಡಗಿ ಮಾತಾಡೋ ಪುಟ ಬಿಟ್ರೆ ಎಲ್ಲೂ ನಾಲಿಗೆ ಎಡವಲ್ಲ."

ಅವರು ನಕ್ಕರು. "ಅದು ಬೈಗುಳನಾ, ಹೊಗಳಿಕೆನಾ?"

"ಬೇಡ ಅಂತ ಬರ್ಕೊಳ್ಳಿ."

ಅತ್ತೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಸೊಸೆ ಪಕ್ಕದಲ್ಲಿ ಕೂತಳು.

"ಏನಂದೆ ಅವ್ರಿಗೆ?"

"ಬೇಡ ಅಂದೆ."

"ಅಯ್ಯೋ ಪಾಪ. ಅಷ್ಟು ಚೆನ್ನಾಗಿ ಬರ್ದಿದ್ನಲ್ಲೇ." ಮುದುಕಿ ಅಂಗೈ ಉಜ್ಜಿಕೊಂಡರು. "ಆ ಬಡಗಿ ಬಾಯಿ ತೆಗೆಯೋವರೆಗೂ, ನಮ್ಮಣ್ಣಂಗೆ ನೋವೇ ಆಗಿರ್ಲಿಲ್ಲವೇನೋ ಅನ್ನಿಸ್ತಿತ್ತು."

ತಾನು ಮಾಡಿದ್ದು ಸರಿ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ. ಆದರೂ, ಆ ಬಡಗಿಯ ಮಾತನ್ನು ಅವರ ಕಿವಿಗೆ ಹಾಕಿದವಳು ತಾನೇ ಆಗಿದ್ದರಿಂದ, ಅತ್ತೆಯ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.