ಮಾತು ಕೇಳದ ಇಲ್ಗಾ

ಹುಳಿತ ವಾಲ್ರಸ್ ಮಾಂಸ ಬೇಯುವ ವಾಸನೆ, ಅದರ ಜೊತೆಗೆ ದೀಪದ ಬಳಿ ಒಣಗುವ ಒದ್ದೆ ನಾಯಿತುಪ್ಪಳದ ವಾಸನೆ. ಒಮ್ರೂನಾಳಿಗೆ ತಾಯಿಯ ನೆನಪಾದರೆ ಮೊದಲು ಮೂಗಿಗೆ ಬರುತ್ತಿದ್ದುದು ಇದೇ. ಹಡಗಿನಿಂದಿಳಿದ ವ್ಯಾಪಾರಿಗಳು ಆ ವಾಸನೆಗೆ ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದರು. ಅವಳಿಗೆ ಅದು ಬೆಚ್ಚಗೆ ಮಲಗುವ ವಾಸನೆ. ಚರ್ಮದ ಮನೆಯ ಒಳಕೋಣೆಯಲ್ಲಿ ಮಕ್ಕಳೂ ನಾಯಿಮರಿಗಳೂ ಒಂದೇ ಹಾಸಿಗೆಯಲ್ಲಿ ಉರುಳಾಡುತ್ತಿದ್ದ ಕಾಲ ಅದು. ಇನ್ನೂ ಕಣ್ಣು ಬಿಡದ ಮರಿಯ ಬಾಯಿಗೆ ತಾಯಿ ಆ ಮಾಂಸದ ರಸವನ್ನೇ ಬೆರಳಿನಿಂದ ಸವರುತ್ತಿದ್ದಳು.

ಮದುವೆಯಾಗಿ ಈ ಕರಾವಳಿಗೆ ಬರುವಾಗ ಒಮ್ರೂನಾ ತುಪ್ಪಳದಂಗಿಯೊಳಗೆ ಎದೆಗೆ ಒತ್ತಿಕೊಂಡು ತಂದದ್ದು ತಾಯಿಯ ತಳಿಯ ಒಂದು ಹೆಣ್ಣುಮರಿ. ಅಜ್ಜಿಯ ಕಾಲದಿಂದ ಹೆಂಗಸರೇ ಆರಿಸಿ, ಕಚ್ಚುವ ಮರಿಯನ್ನು ಬಿಟ್ಟು, ಮಕ್ಕಳ ಜೊತೆ ಮಲಗುವ ಮರಿಯನ್ನು ಉಳಿಸಿಕೊಂಡು ಬಂದ ತಳಿ. ಇಲ್ಗಾ ಎಂದು ಹೆಸರಿಟ್ಟ ಆ ಮರಿ ಬೆಳೆದರೂ ಅವಳ ಮಂಡಿಗಿಂತ ಎತ್ತರವಾಗಲಿಲ್ಲ. ಮುಖಕ್ಕೆ ಮಸಿ ಬಳಿದಂಥ ಪಟ್ಟೆ, ಒಂದು ಕಣ್ಣು ಕಂದು, ಇನ್ನೊಂದು ತೆಳುನೀಲಿ. ಮಲಗಿದರೆ ಪೊದೆಬಾಲ ಮೂಗಿನ ಮೇಲೆ. ಅಪರಿಚಿತರು ಬಂದರೆ ಬೊಗಳುವುದಿಲ್ಲ, ಹೋಗಿ ಅವರ ಅಂಗೈಗೆ ಮೂಗು ತೂರಿಸುತ್ತದೆ.

ಮಾವ ಉಮ್ಕೆ ಅದನ್ನು ನೋಡಿ ನಕ್ಕಿದ್ದ. "ಏನಮ್ಮಾ, ನಿಮ್ಮೂರಲ್ಲಿ ನರಿಗೂ ನಾಯಿ ಅಂತಾರಾ?"

ಗಂಡ ತೆಯುತಿನ್ ಅದನ್ನು ಜಾರುಬಂಡಿಯ ಮುಂಚೂಣಿಗೆ ಕಟ್ಟಿದ ದಿನ ಮಾತ್ರ ಮುದುಕ ನಗಲಿಲ್ಲ. ಮುಂದಾಳು ನಾಯಿಗೆ ಮಾತು ಕೇಳುವ ಕಿವಿಯೂ ಬೇಕು, ಎಳೆಯುವ ಎದೆಯೂ ಬೇಕು. ಇದಕ್ಕೆ ಕಿವಿಯಿದೆ, ಎದೆ ಎಲ್ಲಿದೆ ಎಂದು ಗೊಣಗಿ ಒಳಗೆ ಹೋದ.

ಅದಾಗಿ ಒಂದು ತಿಂಗಳಿಗೆ, ಬೆಳಿಗ್ಗೆ ಏಳು ನಾಯಿ ಕಟ್ಟಿಕೊಂಡು ತೆಯುತಿನ್ ಹೆಪ್ಪುಗಟ್ಟಿದ ಕಡಲಿನ ಮೇಲೆ ಸೀಲ್ ಬೇಟೆಗೆ ಹೋದ. ಮಧ್ಯಾಹ್ನ ಗಾಳಿ ತಿರುಗಿತು. ನೆಲದಿಂದ ಕಡಲಿಗೆ ಬೀಸುವ ಗಾಳಿ ಅದು, ದಡಕ್ಕೆ ಅಂಟಿದ ಮಂಜುಗಡ್ಡೆಯನ್ನು ಕಿತ್ತು ಒಯ್ಯುವಂಥದು. ಹಿಮದ ಪುಡಿ ಎದ್ದು, ಚಾಚಿದ ಕೈ ಕಾಣದಂತಾಯಿತು.

ಉಮ್ಕೆ ಕೋಲಿನಿಂದ ಗಡ್ಡೆ ಕುಟ್ಟುತ್ತಾ ದಡದುದ್ದಕ್ಕೂ ನಡೆದು ಬಂದ. ಹುಬ್ಬುಗಳು ಬೆಳ್ಳಗಾಗಿದ್ದವು. ಪಡುವಣದಲ್ಲಿ, ಬಂಡಿಗಳು ದಿನಾ ಹತ್ತಿ ಇಳಿಯುವ ಜಾಗದಲ್ಲಿ, ಗಡ್ಡೆ ಬಿಟ್ಟುಕೊಂಡು ನೀರು ತೆರೆದಿದೆ ಎಂದ. ಮೂಡಣದ ಕೋಡುಬಂಡೆಯ ಬಳಿ ಮಾತ್ರ ಅದು ಕಿರಿದಾದ ಕತ್ತಿನಂತೆ ನೆಲವನ್ನು ಹಿಡಿದುಕೊಂಡಿದೆ, ಅದೂ ಎಷ್ಟು ಹೊತ್ತೋ.

ಇದೆಲ್ಲ ತೆಯುತಿನ್‌ಗೆ ತಿಳಿಯುವ ಬಗೆಯಿರಲಿಲ್ಲ. ಮುಖಕ್ಕೆ ಗಾಳಿ ಹೊಡೆದರೆ ಮುಂದೆ ದಡವಿದೆ ಎಂದುಕೊಂಡು, ಬಂದ ದಾರಿ ಹಿಡಿಯಲು ನಾಯಿಗಳನ್ನು ಬಲಕ್ಕೆ ತಿರುಗಿಸುತ್ತಾನೆ. ಬಲಕ್ಕೆ ಇರುವುದು ನೀರು.

ಒಮ್ರೂನಾ ಗಾಳಿಗೆ ಬೆನ್ನು ಮಾಡಿ ಕಡಲಿನ ಕಡೆ ತಿರುಗಿದಳು. ಆಮೇಲೆ ಹೇಳಿದಳು: "ಮಾವ, ಗಾಳಿ ಅವರ ಕಡೆಗೇ ಬೀಸ್ತಿದೆ. ಕೋಡುಬಂಡೆ ಹತ್ರ ಒಲೆ ಹೂಡಿ ನಾಯಿಗಳಿಗೆ ಹಾಕೋ ವಾಲ್ರಸ್ ಮಾಂಸ ಬೇಯಿಸ್ತೀನಿ. ಇಲ್ಗಾ ಮೂಗಿಗೆ ವಾಸನೆ ಬಿದ್ರೆ ಸಾಕು."

"ನೆಲದ ಗುಂಡೀಲಿ ಹೂತಿಟ್ಟ ಮಾಂಸದಲ್ಲಿ ಉಳಿದಿರೋದು ಒಂದೇ ಸುರುಳಿ. ವಾಲ್ರಸ್ ಬರೋಕೆ ಇನ್ನೂ ಎರಡು ತಿಂಗಳಿದೆ."

"ಗೊತ್ತು."

"ಅವನು ಬಲ ಅಂದ್ರೆ ಅದು ಬಲಕ್ಕೇ ಹೋಗುತ್ತೆ. ಹಾಗೆ ಕಲಿಸಿದ್ದು ನೀನೇ ಅಲ್ವಾ?"

ಮರಿಯಾಗಿದ್ದಾಗಿನಿಂದ ಅದನ್ನು ಮಾತು ಮೀರದ ಹಾಗೆ ಬೆಳೆಸಿದವಳು ಅವಳೇ. ಗುದ್ದಲಿ ತೆಗೆದುಕೊಂಡು ಗುಂಡಿಯ ಕಡೆಗೆ ನಡೆದಳು.

ಬಂಡೆಯ ಮರೆಯಲ್ಲಿ ಕಡಲು ತಂದ ಕಟ್ಟಿಗೆ ಹೊತ್ತಿಕೊಂಡಿತು. ಪಾತ್ರೆಯಲ್ಲಿ ಮಾಂಸ ಕುದಿಯತೊಡಗಿತು. ಕೊಬ್ಬಿನ ತುಂಡುಗಳನ್ನು ಅವಳು ಕೆಂಡಕ್ಕೇ ಎಸೆದಳು. ದಟ್ಟ ಹೊಗೆ ನೆಲಕ್ಕೆ ಬಗ್ಗಿ ಕಡಲಿನ ಕಡೆಗೆ ಹರಿಯಿತು. ಕೂಗಿ ನೋಡಿದಳು, ಕೂಗು ಗಾಳಿಯ ಅಬ್ಬರದಲ್ಲಿ ಹತ್ತು ಹೆಜ್ಜೆಗೆ ಚೂರಾಯಿತು. ನೆರೆಮನೆಯ ವಿಧವೆ ಗಿರ್ಗೋಲ್ ತನ್ನ ಗುಂಡಿಯಿಂದಲೇ ಕೊಬ್ಬಿನ ಹಲಗೆಯೊಂದನ್ನು ಹೊತ್ತು ತಂದಳು. ಅದನ್ನು ಇಳಿಸಿ, ಒಮ್ರೂನಾಳ ಬಿಚ್ಚಿಹೋದ ಟೊಪ್ಪಿಗೆಯ ದಾರವನ್ನು ಕಟ್ಟಿ, ಒಲೆಗೆ ಗಾಳಿ ತಾಗದಂತೆ ಬೆನ್ನು ಕೊಟ್ಟು ನಿಂತಳು.

ಉಮ್ಕೆ ನೆಲಕ್ಕೂ ಗಡ್ಡೆಗೂ ನಡುವೆ ಬಿಟ್ಟ ಬಿರುಕಿಗೆ ಕೋಲು ಹಿಡಿದು ಅಳೆಯುತ್ತಿದ್ದ. ಗೇಣಾಯಿತು ಎಂದ. ಒಂದಿಷ್ಟು ಹೊತ್ತಿಗೆ ಮೊಳವಾಯಿತು ಎಂದ. ಕಟ್ಟಿಗೆ ಮುಗಿಯುತ್ತ ಬಂದಾಗ ಅವನು ಅಲ್ಲಿರಲಿಲ್ಲ. ಮರಳಿ ಬಂದಾಗ ತನ್ನ ಹಳೆಯ ಜಾರುಬಂಡಿಯನ್ನು ಎಳೆದು ತಂದಿದ್ದ. ಯೌವನದಲ್ಲಿ ತಾನೇ ಕೆತ್ತಿದ್ದು. ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅದರ ಪಟ್ಟಿಗಳನ್ನು ಒಂದೊಂದಾಗಿ ಮುರಿದು ಬೆಂಕಿಗೆ ಹಾಕಿದ.

ಕೊನೆಯ ಪಟ್ಟಿ ಉರಿಯುತ್ತಿತ್ತು. ಬಿಳಿಯ ಮಬ್ಬಿನೊಳಗೆ ಮೊದಲು ಕಂಡದ್ದು ಮಸಿಪಟ್ಟೆಯ ಮುಖ. ಇಲ್ಗಾ ನೆಲಕ್ಕೆ ಹೊಟ್ಟೆ ತಾಗುವಷ್ಟು ಬಗ್ಗಿ, ಎಡಕ್ಕೆ, ಎಡಕ್ಕೇ ಎಳೆಯುತ್ತಿತ್ತು. ಹಿಂದೆ ಆರು ನಾಯಿಗಳು. ಅವುಗಳ ಹಿಂದೆ ಬಂಡಿಗೆ ಜೋತುಬಿದ್ದ ತೆಯುತಿನ್‌ನ ಒಡೆದ ದನಿ. "ಪೊತ್, ಪೊತ್" ಎನ್ನುತ್ತಿದ್ದ, ಬಲಕ್ಕೆ, ಬಲಕ್ಕೆ.

ಇಲ್ಗಾ ಬಿರುಕಿನಂಚಿಗೆ ಬಂದು ಒಂದು ಗಳಿಗೆ ನಿಂತಿತು, ಮೂಗೆತ್ತಿತು, ಹಾರಿತು. ಉಳಿದವೂ ಹಾರಿದವು. ಬಂಡಿ ಬಿರುಕಿನ ಮೇಲೆ ಸೇತುವೆಯಂತೆ ಅಡ್ಡ ನಿಂತು ಅಲ್ಲಾಡಿತು. ಉಮ್ಕೆಯೂ ಗಿರ್ಗೋಲೂ ಹಗ್ಗ ಹಿಡಿದೆಳೆದರು. ಅವರ ಹಿಂದೆ ಗಡ್ಡೆ ನರಳುತ್ತಾ ನೆಲವನ್ನು ಬಿಟ್ಟು ಜಾರಿತು.

ತೆಯುತಿನ್ ಕೋಪದಿಂದ ಬಂಡಿಗೆ ಒದ್ದ. "ನೂರು ಸಲ ಬಲ ಅಂದೆ. ಈ ಹಾಳಾದ್ದು ಕೇಳ್ಲಿಲ್ಲ. ಕೋಲು ಎಸೆದೆ, ಆಗ್ಲೂ ಕೇಳ್ಲಿಲ್ಲ. ಇದರ ಹಗ್ಗ ಕೊಯ್ದು ದೊಡ್ಡದನ್ನ ಮುಂದೆ ಕಟ್ಟೋಣ ಅಂತ ಚಾಕು ತೆಗೆದೆ. ಚಳಿಗೆ ಬೆರಳು ಮಡಚಲಿಲ್ಲ, ಅಷ್ಟೇ."

ಉಮ್ಕೆ ಮಗನ ಭುಜ ಹಿಡಿದು ಪಡುವಣಕ್ಕೆ ತಿರುಗಿಸಿದ. ಗಾಳಿ ಉಸಿರು ತೆಗೆದುಕೊಂಡ ಗಳಿಗೆಯಲ್ಲಿ ದಿನದ ದಾರಿ ಇದ್ದೆಡೆ ಕರಿನೀರು ಕಂಡಿತು. ತೆಯುತಿನ್ ಬಂಡಿಯ ಮೇಲೆ ಕುಸಿದು ಕುಳಿತ.

ಇಲ್ಗಾಳ ಕಿವಿ ಹರಿದು ರಕ್ತ ಹೆಪ್ಪುಗಟ್ಟಿತ್ತು. ಅದು ಪಾತ್ರೆಯ ಕಡೆಗೆ ನುಗ್ಗಲಿಲ್ಲ. ಬಂದು ಒಮ್ರೂನಾಳ ಅಂಗೈಗೆ ಮೂಗು ತೂರಿಸಿತು. ಅವಳು ಸೌಟು ಎತ್ತಲು ಹೋದಳು. ಬಿಸಿ ಕೊಬ್ಬು ಸಿಡಿದು ಬೊಬ್ಬೆಯೆದ್ದ ಬೆರಳುಗಳು ಅದನ್ನು ಹಿಡಿಯಲಿಲ್ಲ.

ಉಮ್ಕೆ ಮೆಲ್ಲಗೆ ಸೌಟು ತೆಗೆದುಕೊಂಡ. ನಾಯಿಗೆ ಉಣಿಸುವುದು ಹೆಂಗಸರ ಕೆಲಸ. ತಲೆ ನೆರೆತರೂ ಆ ಕೆಲಸಕ್ಕೆ ಅವನು ಕೈ ಹಾಕಿದವನಲ್ಲ.

"ಯಾವುದಕ್ಕೆ ಮೊದಲು?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

ಅವಳು ಗಲ್ಲದಿಂದ ತೋರಿಸಿದಳು. ಮುದುಕ ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ಆರಿಸಿ ತೆಗೆದ, ಆರುವ ತನಕ ಬಾಯಿಂದ ಊದಿದ, ಕೈಗವಸು ಕಳಚಿ ಬರಿಯ ಅಂಗೈಯಲ್ಲಿಟ್ಟು ಇಲ್ಗಾಳ ಮುಂದೆ ಹಿಡಿದ.