ಪೊದೆಗೆ ಬೆಂಕಿ ಇಡುವ ಮುನ್ನ

ಸಿದ್ದರಬೆಟ್ಟದ ಬುಡದಲ್ಲಿ, ಮೆಟ್ಟಿಲಿಗೆ ಹೋಗುವ ದಾರಿಯ ಪಕ್ಕ, ಕಾರೆ, ಎಲಚಿ ಬೆಳೆದ ಇಪ್ಪತ್ತು ಗುಂಟೆ ಪೊದೆಗಾಡು ಇದೆ. ಏಪ್ರಿಲ್‌ನಲ್ಲಿ ಸುತ್ತ ಹಸಿರು ಉಳಿಯುವುದು ಅಲ್ಲಿ ಮಾತ್ರ. ಗೌರಕ್ಕನ ಮೂವತ್ತೆರಡು ಮೇಕೆಗಳಿಗೆ ಮಳೆ ಬರುವವರೆಗೆ ಅದೇ ಮೇವು.

ಸೋಮವಾರ ಬೆಟ್ಟಕ್ಕೆ ಬಂದವರೊಬ್ಬರು ಪೊದೆಯ ಅಂಚಿನಲ್ಲಿ ಹಾವು ಕಂಡು, ಚಪ್ಪಲಿ ಬಿಟ್ಟು ಓಡಿದರು. ಅಲ್ಲೇ ಹೋಟೆಲ್ ನಡೆಸುವ ದೊಡ್ಡರಂಗಪ್ಪ ಅಂದೇ ತೀರ್ಮಾನಿಸಿದ: ಗುರುವಾರ ಬೆಳಿಗ್ಗೆ ಪೊದೆಗೆ ಬೆಂಕಿ.

"ಅದು ಕೇರೆ ಕಣಣ್ಣ, ಏನೂ ಮಾಡಲ್ಲ," ಎಂದಳು ಗೌರಕ್ಕ.

"ನೀನ್ ಕಂಡ್ಯಾ?"

"ಮೂವತ್ ವರ್ಷದಿಂದ ಅಲ್ಲೇ ಮೇಯಿಸ್ತಿವ್ನಿ. ಕೇರೆ ಬುಟ್ಟು ಬೇರೆ ಕಂಡಿಲ್ಲ."

"ಅಂಗಾದ್ರೆ ಫೋಟೋ ಹಿಡ್ಕಂಬಾ. ಕೇರೆ ಆಗಿದ್ರೆ ಬೆಂಕಿ ಇಕ್ಕಲ್ಲ. ಹಗ್ಗದ್ ಫೋಟೋ ತಂದ್ಬುಟ್ಟೀಯ ಮತ್ತೆ!"

ಬುಧವಾರ ಗೌರಕ್ಕ ಮೇಕೆಗಳನ್ನು ದೊಡ್ಡಿಯಲ್ಲೇ ಬಿಟ್ಟು ಮೊಬೈಲ್ ಹಿಡಿದು ಹೋದಳು. ಪೊದೆಗೆ ಇಳಿಯುವಾಗ ಕೋಲಿನಿಂದ ನೆಲ ಕುಟ್ಟುತ್ತ ನಡೆಯುವುದು ಮೇಕೆ ಕಾಯುವವರ ರೂಢಿ. ಆವತ್ತು ಅವಳು ಕುಟ್ಟಲಿಲ್ಲ. ಕುಟ್ಟಿದರೆ ಹಾವು ಸರಿದುಹೋಗುತ್ತದೆ, ಫೋಟೋ ಸಿಗುವುದಿಲ್ಲ.

ಎಂಟು ಅಡಿ ದೂರದಲ್ಲಿ ಕುಕ್ಕರ್ ಉಸಿರು ಬಿಟ್ಟಂಥ ಸದ್ದಾಯಿತು. ಒಣಗಿದ ಎಲೆಯ ಬಣ್ಣದ ಮೈ, ಬೆನ್ನುದ್ದಕ್ಕೂ ಮೂರು ಸಾಲು ಕಪ್ಪು ಮಚ್ಚೆ. ಕೊಳಕುಮಂಡಲ. ಗೌರಕ್ಕ ಅಲುಗದೆ ಮೂರು ಫೋಟೋ ತೆಗೆದು, ಹಿಂದಕ್ಕೆ ಹೆಜ್ಜೆ ಇಟ್ಟಳು.

ಬಂಡೆಯ ಮೇಲೆ ಕೂತಾಗ ಅವಳಿಗೆ ತನ್ನ ತಪ್ಪು ತಿಳಿಯಿತು. ಕೋಲಿನ ಸದ್ದಿಗೆ ಓಡುವ ಕೇರೆಯಷ್ಟೇ ಇಷ್ಟು ವರ್ಷ ಕಣ್ಣಿಗೆ ಬಿದ್ದಿತ್ತು. ಸದ್ದಾದರೂ ಇದ್ದಲ್ಲೇ ಅಡಗಿ ಕೂರುವ ಈ ವಿಷದ ಹಾವನ್ನು ಅವಳು ಕಂಡೇ ಇರಲಿಲ್ಲ. ಹಾವು ಸಿಗಲಿಲ್ಲ ಎನ್ನಬಹುದಿತ್ತು. ಫೋಟೋ ಅಳಿಸಬಹುದಿತ್ತು. ಅವಳು ಅದನ್ನು ದೊಡ್ಡದು ಮಾಡಿ ಮತ್ತೆ ನೋಡಿದಳು.

ಗುರುವಾರ ದೊಡ್ಡರಂಗಪ್ಪ ನಾಲ್ವರೊಂದಿಗೆ ಬಂದಾಗ ಗೌರಕ್ಕ ಮೇಕೆಗಳ ಸಮೇತ ಪೊದೆಯ ಮುಂದೆ ನಿಂತಿದ್ದಳು. ಕೇಳುವ ಮೊದಲೇ ಮೊಬೈಲ್ ಕೊಟ್ಟಳು.

"ಲೇ, ಇದು ಮಂಡಲದ್ ಹಾವು ಕಣ್ರಲಾ!"

"ಹೂಂ ಕಣಣ್ಣ. ನಾನ್ ಹೇಳಿದ್ದು ತಪ್ಪು. ಅದ್ರ ಹಿಂದೆ ಏನದೆ, ಅದ್ನೂ ನೋಡು."

ಪೆಟ್ರೋಲ್ ಬಾಟಲಿ ಹಿಡಿದಿದ್ದ ಹೋಟೆಲ್ ಸಪ್ಲೈಯರ್ ಚೇತನ್ ಕುಮಾರ್ ಬಗ್ಗಿ ನೋಡಿದ. "ಎಂಜಲೆಲೆ. ಇಲಿ ಬಿಲ ಬೇರೆ. ಅಣ್ಣ, ಎಲೆ ನಮ್ ಹೋಟ್ಲದೇ."

"ಎಂಜಲಿಗೆ ಇಲಿ ಬಂತು, ಇಲಿಗೆ ಇದು ಬಂತು," ಎಂದಳು ಗೌರಕ್ಕ. "ಬೆಂಕಿ ಇಕ್ಕುದ್ರೆ ಎಲ್ಲಿಗ್ ಓಡ್ತದೆ? ನಿನ್ ಅಡ್ಗೆಮನೆಗೆ."

"ನಂಗೇ ಬುದ್ಧಿ ಹೇಳ್ತೀಯೇನಮ್ಮ? ಮಾತು ಅಂದ್ರೆ ಮಾತು. ಕೇರೆ ಅಲ್ಲ ತಾನೆ? ಅತ್ಲಾಗ್ ಹೋಗು."

ಗೌರಕ್ಕ ಮೊಬೈಲ್ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಕೋಲು ಕುಟ್ಟುತ್ತ, ಹಾವಿದ್ದ ಅಂಚನ್ನು ಬಿಟ್ಟು, ಪೊದೆಯ ನಡುವಿಗೆ ಹೋಗಿ ನಿಂತಳು. ಮೇಕೆಗಳು ಹಿಂದೆಯೇ ನುಗ್ಗಿದವು.

"ಇಕ್ಕು ಈಗ. ಮೂವತ್ತೆರಡು ಮೇಕೆ, ಜೊತೆಗೆ ನಾನು. ಒಳಗೆ ನಾವಿದೀವಿ ಅಂತ ಗೊತ್ತಿದ್ದೂ ಇಕ್ಕು, ನೋಡಾನ."

ಚೇತನ್ ಕುಮಾರ್ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. ಉಳಿದವರು ದಾರಿಯ ಕಡೆ ನೋಡಿದರು.

"ನಾಳೆ ಬತ್ತೀವಿ," ಎಂದ ದೊಡ್ಡರಂಗಪ್ಪ.

"ಬಾ ಅಣ್ಣ. ನಾಳೆನೂ ಇಲ್ಲೇ ಮೇಯಿಸ್ತೀನಿ. ಬರೋವಾಗ ಪೆಟ್ರೋಲ್ ಬದ್ಲು ಮಂಕ್ರಿ ತಕಂಬಾ, ನಿನ್ ಎಂಜಲೆಲೆ ಎತ್ತಕ್ಕೆ."