ಬಾಗಿಲು ತಟ್ಟುವವರಿಲ್ಲದ ಕೋಣೆ

ಎಲ್ಲಿಂದ ಶುರು ಮಾಡಲಿ? ರಾಜೀನಾಮೆ ಪತ್ರದಿಂದ ಮಾಡಿ ನೋಡಿದೆ. ಮೂರನೇ ಸಾಲಿಗೇ ಆಕಳಿಕೆ ಬಂತು. (ನಿಮಗಲ್ಲ, ನನಗೆ.) ಹೊಸ ಬೋರ್ಡಿನಿಂದ ಮಾಡಿದೆ, ಜಾಹೀರಾತಿನ ಹಾಗಾಯಿತು. ಹರಿದು ಹಾಕಿದೆ. ಬಾಗಿಲಿನಿಂದ ಶುರು ಮಾಡುತ್ತೇನೆ.

೧
ಈ ಕಥೆಯವಳು ಹನ್ನೆರಡು ವರ್ಷ ಆಸ್ಪತ್ರೆಯೊಂದರಲ್ಲಿ ಸಂಬಳಕ್ಕಿದ್ದ ಆಪ್ತಸಮಾಲೋಚಕಿ. ಅಲ್ಲಿ ಒಬ್ಬೊಬ್ಬರು ಬಂದು ಕೂತ ಮುಕ್ಕಾಲು ಗಂಟೆಗೆ ಸರಿಯಾಗಿ ಆಯಾ ಬಂದು ಬಾಗಿಲು ತಟ್ಟುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಟಕ್‌ಟಕ್ ಅಕ್ಕ. ಇವಳು ಎದುರಿಗಿದ್ದವರ ಮುಖ ನೋಡಿ, "ಏನ್ಮಾಡೋದು, ಕರೀತಿದ್ದಾರೆ" ಅನ್ನುತ್ತಿದ್ದಳು. ಕೆಟ್ಟ ಹೆಸರು ಟಕ್‌ಟಕ್ ಅಕ್ಕನಿಗೆ, ಒಳ್ಳೆಯ ಹೆಸರು ಇವಳಿಗೆ.

೨
ಈಗ ಸ್ವಂತ ಕೋಣೆ. ಎರಡು ಕುರ್ಚಿ, ಒಂದು ಮೇಜು, ಟಿಶ್ಯೂ ಡಬ್ಬ. ಮೊದಲ ದಿನ ಹತ್ತಕ್ಕೆ ಸಲೂನಿನವರು ಬಂದರು. ಮೂವತ್ತು ವರ್ಷ ಊರವರ ಮಾತು ಕೇಳುತ್ತ ಕೂದಲು ಕತ್ತರಿಸಿದವರು. ಹೆಂಡತಿ ಹೋದ ಮೇಲೆ ಅವರ ಮಾತು ಕೇಳುವವರಿಲ್ಲ. ಶುರು ಮಾಡಿದರು.

ಹತ್ತೂಮುಕ್ಕಾಲು. ಇವಳ ಕಣ್ಣು ಬಾಗಿಲಿಗೆ ಹೋಯಿತು. ಬಾಗಿಲು ಸುಮ್ಮನಿತ್ತು.

ಹನ್ನೊಂದೂಕಾಲು. ಸಲೂನಿನವರ ಮಾತು ಸೋದರತ್ತೆಯ ಮದುವೆಗೆ ಬಂದು ಮುಟ್ಟಿದೆ. ಹನ್ನೊಂದಕ್ಕೆ ಬರಹೇಳಿದ್ದ ಟೀಚರ್ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಮೊದಲ ಸಲ ಧೈರ್ಯ ಮಾಡಿ ಬಂದವರು, ಎದ್ದು ಹೋದರೆ ಮತ್ತೆ ಬರುವವರಲ್ಲ.

೩
ಸಹಾಯಕ್ಕೆ ಕಥೆ ಬರೆಯುವ ನಾನೇ ಹೋದೆ. "ಕರೆಂಟ್ ತೆಗೀಲಾ?"

"ಹಾಡಹಗಲಲ್ಲಿ? ಕಿಟಕಿ ತೆಗೀತಾರೆ ಅಷ್ಟೆ."

"ಫೋನ್ ಬರಿಸ್ಲಾ?"

"ಸೈಲೆಂಟಲ್ಲಿದೆ."

"ಟಕ್‌ಟಕ್ ಅಕ್ಕನನ್ನೇ ಕರೆಸ್ತೀನಿ. ಒಂದು ಸಾಲಿನ ಕೆಲಸ."

"ನೀವು ಬಾಗಿಲು ತಟ್ಟಿಸೋದಾದ್ರೆ ನಾನು ಅಲ್ಲಿಂದ ಬಂದಿದ್ದಾದ್ರೂ ಯಾಕೆ? ಅದೊಂದು ಮಾತು ನನ್ನ ಬಾಯಿಂದ್ಲೇ ಬರ್ಬೇಕು. ಬರ್ಲಿಲ್ವಾ, ಬೋರ್ಡ್ ಇಳಿಸಿ ವಾಪಸ್ ಹೋಗ್ತೀನಿ. ಆಸ್ಪತ್ರೇಲಿ ದೊಡ್ಡ ಡಾಕ್ಟ್ರು ನನ್ನ ಕುರ್ಚಿ ಖಾಲಿ ಇಟ್ಟೇ ಇದ್ದಾರೆ."

೪
(ಇಲ್ಲಿ ಮೂರು ಮುಕ್ತಾಯ ಬರೆದಿದ್ದೆ. ಒಂದರಲ್ಲಿ ಅವಳು ಅಳುತ್ತಾಳೆ. ಇನ್ನೊಂದರಲ್ಲಿ ಸಲೂನಿನವರು. ಮೂರನೆಯದರಲ್ಲಿ ನೀವು ಅಳಬೇಕಿತ್ತು. ಮೂರನ್ನೂ ಹೊಡೆದು ಹಾಕಿದೆ.)

ಅವಳು ಗಂಟಲು ಸರಿಮಾಡಿಕೊಂಡಳು. "ಇವತ್ತಿಗೆ ಸಾಕು ಮಾಡೋಣ. ಹೊರಗೆ ಇನ್ನೊಬ್ರು ಕಾಯ್ತಿದ್ದಾರೆ."

ಸಲೂನಿನವರು ತಟ್ಟನೆ ಮಾತು ನಿಲ್ಲಿಸಿದರು.

"ಅಬ್ಬ!" ಎಂದು ಅವರು ಉದ್ದಕ್ಕೆ ಉಸಿರುಬಿಟ್ಟರು. "ಆಗ್ಲಿಂದ ಅದಕ್ಕೇ ಕಾಯ್ತಿದ್ದೆ ತಾಯಿ. ನಮ್ಮಲ್ಲಿ ಕೊರಳಿಗೆ ಸುತ್ತಿದ ಬಟ್ಟೆ ಬಿಚ್ಚಿ ಕೊಡವಿದ್ರೆ ಮುಗೀತು ಅಂತ, ಗಿರಾಕಿ ಎದ್ದೇಳ್ತಾನೆ. ನೀವು ಕೊಡವ್ಲೇ ಇಲ್ಲ! ಅರ್ಧಕ್ಕೇ ಎದ್ದು ಹೋದ ಅಂತ ಬೇಜಾರಾದೀರಿ ಅಂತ ಮಾತು ಬೆಳೆಸ್ತಾ ಕೂತೆ. ಏನೂ ಸಿಗ್ದೆ ಸೋದರತ್ತೆ ಮದುವೆವರೆಗೂ ಹೋದೆ."

"ಅಯ್ಯೋ, ಆ ಮದುವೆ ಅದಕ್ಕಾ?"

"ಮತ್ತಿನ್ನೇನು! ನಂಗೆ ಹೇಳೋದಿದ್ದದ್ದು ಮುಕ್ಕಾಲು ಗಂಟೇಲೇ ಮುಗಿದಿತ್ತು."

ಅವಳು ನಕ್ಕಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ, ಬಾಗಿಲಿನ ಕಡೆ ನೋಡದೆ.

೫
ಟೀಚರ್ ಒಳಗೆ ಬಂದು ಕೂತರು. ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು, "ನಾನು ಇದನ್ನ ಯಾರಿಗೂ ಹೇಳಿಲ್ಲ..." ಎಂದರು. ನಾನು ಪೆನ್ನಿನ ಕ್ಯಾಪ್ ತೆಗೆದೆ.

ಅವಳು ನನ್ನತ್ತ ತಿರುಗಿದಳು. "ನೀವೂ ಏಳಿ. ಇವತ್ತಿಗೆ ಸಾಕು."

"ಕಥೆ ಮುಗಿದಿಲ್ಲ ಕಣಮ್ಮ. ಟೀಚರ್‌ಗೆ ಏನಾಯ್ತು ಅಂತ ಓದೋರು ಕೇಳ್ತಾರೆ."

"ಕೇಳ್ಲಿ. ಈ ಕೋಣೆ ಮಾತು ಹೊಸಿಲು ದಾಟಲ್ಲ."

ಈಗ ಟೀಚರ್ ಕೂತಿದ್ದ ಮೆಟ್ಟಿಲ ಮೇಲೆ ನಾನು ಕೂತಿದ್ದೇನೆ. ಅವಳು ಒಳಗಿಂದ ಬಾಗಿಲು ಹಾಕಿಕೊಂಡಿದ್ದಾಳೆ. ಒಂದು ಸಲ ತಟ್ಟಿ ನೋಡಲೇ ಎಂದು ಕೈ ಎತ್ತಿದೆ, ಗಡಿಯಾರ ನೋಡಿದೆ.

ಇನ್ನೂ ಹತ್ತು ನಿಮಿಷವೂ ಆಗಿಲ್ಲ.